ಎಂಟು ಗಂಟೆಗಳಲ್ಲಿ ಒಂದು ದೇಶ

ನಮ್ಮ ಷಡ್ಡಕರು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಯಾವ ಕೆಲಸಕ್ಕೆ ಕೈಹಾಕಿದರೂ ಮೊದಲು ಒಂದು ಹಾಳೆಗೆ ಗೀಟು ಹಾಕಿ ಅಂಕಣ ಮಾಡಿಕೊಳ್ಳದೆ ಹೆಜ್ಜೆ ಮುಂದಿಡುವವರಲ್ಲ. ಅಟ್ಲಾಂಟಾದಲ್ಲಿರುವ ಮಗಳೂ ಅಳಿಯನೂ ಬರುವ ಚಳಿಗಾಲದಲ್ಲಿ ಅವರನ್ನೂ ಅವರ ಮನೆಯವರನ್ನೂ ವಿಹಾರದ ಹಡಗಿನಲ್ಲಿ ಕೂರಿಸಿ ಏಳು ದಿನ ಕೆರಿಬಿಯನ್ ಸಮುದ್ರದಲ್ಲಿ ಸುತ್ತಿಸುವವರಿದ್ದಾರೆ. ಕಳೆದ ಭಾನುವಾರ ಕಾಫಿಯ ಹೊತ್ತಿಗೆ ಬಂದವರು ಜೇಬಿನಿಂದ ಅಂಥದೊಂದು ಹಾಳೆಯನ್ನು ತೆಗೆದು ನನ್ನ ಮುಂದೆ ಹರಡಿದರು.

"ನೀವು ಹೋಗಿ ಬಂದವರು ಮೇಷ್ಟ್ರೇ, ಒಂದು ಸಲ ಕಣ್ಣಾಡಿಸಿಬಿಡಿ. ಆಂಟಿಗುವಾದಲ್ಲಿ ನಮಗೆ ಸಿಕ್ಕುವುದು ಒಂದೇ ಹಗಲು. ಒಂದು ನಿಮಿಷವೂ ವ್ಯರ್ಥವಾಗಬಾರದು."

ಕಣ್ಣಾಡಿಸಿದೆ. ಬೆಳಗ್ಗೆ ೮ರಿಂದ ಸಂಜೆ ೪-೩೦ರವರೆಗೆ ಹನ್ನೊಂದು ಬಾಬು. ನೆಲ್ಸನ್ನನ ಹಡಗುಕಟ್ಟೆ, ಷರ್ಲಿ ಹೈಟ್ಸ್ ಎಂಬ ಗುಡ್ಡ, ಡೆವಿಲ್ಸ್ ಬ್ರಿಡ್ಜ್ ಎಂಬ ಕಲ್ಲಿನ ಕಮಾನು, ಬೆಟೀಸ್ ಹೋಪ್ ಎಂಬ ಹಳೆಯ ಕಬ್ಬಿನ ತೋಟ, ತೊರಕೆ ಮೀನುಗಳೊಡನೆ ಈಜಾಟ, ಎರಡು ಕಡಲತೀರ, ಇಗರ್ಜಿ (ಹೊರಗಿನಿಂದ ಮಾತ್ರ), ಆಭರಣದಂಗಡಿ, ಊಟ. ಕೊನೆಯ ಸಾಲು ಹೀಗಿತ್ತು: "೧೧. ಊರು — ಸಮಯ ಉಳಿದರೆ."

ಈ ಲೇಖನ ಆ ಹನ್ನೊಂದನೆಯ ಬಾಬಿನ ಪರವಾಗಿ, ಮಿಕ್ಕ ಹತ್ತರ ವಿರುದ್ಧವಾಗಿ ಬರೆದದ್ದು. ಷಡ್ಡಕರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಅವರೊಬ್ಬರದೇ ವಿಷಯವಾಗಿದ್ದರೆ ಪತ್ರಿಕೆಯಲ್ಲಿ ಇಷ್ಟು ಜಾಗ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಆದರೆ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆ ನಮ್ಮ ಬೀದಿಯಲ್ಲೇ ಆರೇಳು ಇವೆ. ಹೆತ್ತವರು ಹೋದಾಗ ನಯಾಗರ ತೋರಿಸುವ ಕಾಲ ಮುಗಿಯಿತು, ಈಗ ಹಡಗು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ನಾಲ್ಕು ದ್ವೀಪ ಮುಗಿಸಿಕೊಂಡು ಬಂದೆವು." ಮುಗಿಸುವುದಂತೆ! ಪಾಠಪಟ್ಟಿ ಮುಗಿಸಿದ ಹಾಗೆ.

ನನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ತಮ್ಮನ ಸಂಸಾರದೊಡನೆ ನಾನೂ ಹೋಗಿದ್ದೆ. ಇಂಥದೇ ಪಟ್ಟಿಯನ್ನು ಹಿಡಿದು ಆ ದ್ವೀಪದಲ್ಲಿಯೇ ಇಳಿದಿದ್ದೆ. ಹಡಗಿನವರು ಏರ್ಪಡಿಸಿದ ಬಸ್ಸಿನಲ್ಲಿ ಕುಳಿತು ಏಳು ಕಡೆ ಇಳಿದೆ, ಏಳು ಕಡೆ ಹತ್ತಿದೆ. ಪ್ರತಿಯೊಂದು ಕಡೆಯೂ ಮಾರ್ಗದರ್ಶಕ ಹೇಳಿದ ನಿಮಿಷಗಳ ಲೆಕ್ಕ ನೆನಪಿದೆಯೇ ಹೊರತು ನೋಡಿದ್ದು ನೆನಪಿಲ್ಲ. ಅತಿ ಹೆಚ್ಚು ಹೊತ್ತು ನಿಲ್ಲಿಸಿದ್ದು ಒಂದು ಆಭರಣದಂಗಡಿಯ ಮುಂದೆ, ನಲವತ್ತು ನಿಮಿಷ. ಊರಿಗೆ ಮರಳಿ ಬಂದು ಮೂರು ತಿಂಗಳ ಮೇಲೆ, ಯಾವುದೋ ಹಳೆಯ ಕ್ರಿಕೆಟ್ ಪಂದ್ಯದ ವಿಷಯ ಓದುತ್ತ ಭೂಪಟ ತೆರೆದಾಗ, ನನಗೊಂದು ಸಂಗತಿ ತಿಳಿಯಿತು. ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಎಂಬ ಮೈದಾನ ಹಡಗು ಕಟ್ಟುವ ಧಕ್ಕೆಯಿಂದ ಹೆಚ್ಚೆಂದರೆ ಇಪ್ಪತ್ತು ನಿಮಿಷದ ನಡಿಗೆ.

ಆ ಮೈದಾನ ಯಾವುದೆಂದು ಬೆಂಗಳೂರಿನವರಿಗೆ ನಾನು ಹೇಳಬೇಕೆ? ೨೦೦೨ರ ಮೇ ತಿಂಗಳಲ್ಲಿ ಬ್ಯಾಟು ಹಿಡಿದು ನಿಂತಿದ್ದ ನಮ್ಮ ಅನಿಲ್ ಕುಂಬ್ಳೆಯವರಿಗೆ ಮರ್ವಿನ್ ಡಿಲ್ಲನ್ ಎಸೆದ ಚೆಂಡು ತಗುಲಿ ದವಡೆ ಮುರಿದದ್ದು ಅಲ್ಲಿ. ಮುಖದ ಸುತ್ತ ಬಿಳಿಯ ಪಟ್ಟಿ ಸುತ್ತಿಸಿಕೊಂಡು ಮತ್ತೆ ಮೈದಾನಕ್ಕಿಳಿದು ಅವರು ಹದಿನಾಲ್ಕು ಓವರು ಎಸೆದದ್ದು, ಬ್ರಯನ್ ಲಾರಾರನ್ನು ಕಾಲಿಗೆ ಬಡಿಸಿಕೊಂಡು ಹೊರನಡೆಯುವಂತೆ ಮಾಡಿದ್ದು ಅಲ್ಲಿ. ಮಾರನೆಯ ದಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ವಿಮಾನ ಹತ್ತಿದರು. ಪಂದ್ಯ ಯಾರಿಗೂ ಗೆಲುವಿಲ್ಲದೆ ಮುಗಿಯಿತು. ಆ ಪಂದ್ಯದಲ್ಲಿ ಭಾರತದ ಹನ್ನೊಂದು ಜನವೂ, ವಿಕೆಟ್ ಕೀಪರು ಸಹ, ಚೆಂಡು ಎಸೆದರು. ಅದೇ ಮೈದಾನದಲ್ಲಿ ಲಾರಾ ೧೯೯೪ರಲ್ಲಿ ೩೭೫, ೨೦೦೪ರಲ್ಲಿ ಔಟಾಗದೆ ೪೦೦ ಹೊಡೆದರು. ಆ ಊರಿನ ಮಗನೇ ಆದ ವಿವಿಯನ್ ರಿಚರ್ಡ್ಸ್ ೧೯೮೬ರಲ್ಲಿ ಇಂಗ್ಲೆಂಡಿನವರನ್ನು ಚೆಚ್ಚಿ ೫೬ ಚೆಂಡಿಗೆ ನೂರು ಮಾಡಿದರು. ಇಷ್ಟೆಲ್ಲ ನಡೆದ ಹುಲ್ಲುಗಾವಲಿನ ಪಕ್ಕದ ಬೀದಿಯಲ್ಲಿ ನನ್ನ ಬಸ್ಸು ಹಾದುಹೋಗಿರಬೇಕು. ನಾನು ಆಗ ಬಹುಶಃ ಕಿವಿಯೋಲೆಯ ಬೆಲೆಯ ಬಗ್ಗೆ ಯೋಚಿಸುತ್ತಿದ್ದೆ.

ಆಂಟಿಗುವಾ ಎಂದು ಬರೆದೆ. ಅಲ್ಲಿಯವರ ಬಾಯಲ್ಲಿ ಅದು 'ಆಂಟೀಗ'. ನಾವು 'ವಾ' ಸೇರಿಸಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಮೈಸೂರನ್ನು ಯಾರಾದರೂ 'ಮೈಸೋರ್' ಎಂದರೆ ನಾವು ನಗುವುದಿಲ್ಲವೆ, ಹಾಗೆ. ಮುಂದೆ ಅವರ ಹೆಸರನ್ನೇ ಬಳಸುತ್ತೇನೆ.

ಈಗ ಷಡ್ಡಕರ ಹಾಳೆಗೆ ಬರೋಣ. ಲೆಕ್ಕ ಅವರ ಪ್ರೀತಿಯ ವಿಷಯವಾದ್ದರಿಂದ ಲೆಕ್ಕದಿಂದಲೇ ಶುರುಮಾಡಿದೆ. ಹಡಗು ಎಂಟಕ್ಕೆ ಧಕ್ಕೆ ಮುಟ್ಟುತ್ತದೆಂದರೆ ಮೂರು ನಾಲ್ಕು ಸಾವಿರ ಜನದ ಸಾಲಿನಲ್ಲಿ ನೀವು ನೆಲ ಮುಟ್ಟುವ ಹೊತ್ತಿಗೆ ಒಂಬತ್ತು. ನಾಲ್ಕೂವರೆಗೆ ಒಳಗಿರಬೇಕೆಂದರೆ ನಾಲ್ಕಕ್ಕೆ ಮರಳಿರಬೇಕು. ಉಳಿದದ್ದು ಏಳು ಗಂಟೆ. ದ್ವೀಪ ಸಣ್ಣದು, ನಿಜ. ೨೮೦ ಚದರ ಕಿಲೋಮೀಟರು ಚಿಲ್ಲರೆ. ಆದರೆ ಹಡಗು ನಿಲ್ಲುವ ಸೇಂಟ್ ಜಾನ್ಸ್ ಇರುವುದು ವಾಯವ್ಯದಲ್ಲಿ, ನೆಲ್ಸನ್ನನ ಕಟ್ಟೆ ದಕ್ಷಿಣದ ತುದಿಯಲ್ಲಿ, ಡೆವಿಲ್ಸ್ ಬ್ರಿಡ್ಜ್ ಪೂರ್ವದ ತುದಿಯಲ್ಲಿ. ರಸ್ತೆಗಳು ಕಿರಿದು, ತಿರುವು ಹೆಚ್ಚು. ಅದೇ ಬೆಳಗ್ಗೆ ಮತ್ತೆರಡು ಹಡಗು ಬಂದಿದ್ದರೆ ಬಾಡಿಗೆ ವ್ಯಾನುಗಳೆಲ್ಲ ಅದೇ ದಾರಿ ಹಿಡಿದಿರುತ್ತವೆ. ಕೂಡಿ ಕಳೆದು ಭಾಗಿಸಿದರೆ ಒಂದೊಂದು ಸ್ಥಳಕ್ಕೆ ಉಳಿಯುವುದು ಇಪ್ಪತ್ತು ನಿಮಿಷ. ಅದರಲ್ಲಿ ಶೌಚಾಲಯದ ಸಾಲು ಎಷ್ಟು, ಫೋಟೋ ಎಷ್ಟು?

"ಇಪ್ಪತ್ತು ನಿಮಿಷ ಸಾಲದೆ?" ಎಂದರು.

ಸಾಲದು. ಸಾಲದೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಲೂರಿಗೆ ಬಂದಿಳಿದ ಬಸ್ಸಿನ ಜನ ಅರ್ಧ ಗಂಟೆಯಲ್ಲಿ ಶಿಲಾಬಾಲಿಕೆಯರನ್ನು ಎಣಿಸಿ ಹಳೇಬೀಡಿಗೆ ಓಡುವುದನ್ನು, ಹಂಪಿಯಲ್ಲಿ ಕಲ್ಲಿನ ರಥದ ಮುಂದೆ ನಿಂತು ಬೆನ್ನು ತಿರುಗಿಸಿ ಚಿತ್ರ ತೆಗೆಸಿಕೊಂಡು "ಮುಂದೇನಿದೆ?" ಎನ್ನುವುದನ್ನು, ಮೈಸೂರಿನಲ್ಲಿ ಅರಮನೆ ಮುಗಿಸಿದವರನ್ನು ವ್ಯಾನಿನವನು ತನಗೆ ಕಮಿಷನ್ನು ಸಿಕ್ಕುವ ರೇಷ್ಮೆ ಅಂಗಡಿಗೆ ತಂದು ಇಳಿಸುವುದನ್ನು ಕಂಡು ಹಲ್ಲು ಕಡಿದವರು ನಾವು. ನಮ್ಮ ನಾಡನ್ನು ಹಾಗೆ ನೋಡಿದರೆ ಅವಮಾನ. ಇನ್ನೊಬ್ಬರ ನಾಡನ್ನು ನಾವು ಹಾಗೆ ನೋಡಿದರೆ ಅದಕ್ಕೆ ಪ್ರವಾಸವೆಂದು ಹೆಸರೆ?

ಇದರಲ್ಲಿ ದುಡ್ಡಿನ ಮಾತೂ ಇದೆ. ಹಡಗಿನ ಬಾವುಟ ಬಹಾಮಾಸ್ ದೇಶದ್ದೋ ಪನಾಮಾ ದೇಶದ್ದೋ ಆಗಿರುತ್ತದೆ. ಒಡೆಯರ ಕಚೇರಿ ಮಯಾಮಿಯಲ್ಲಿ. ಊಟ, ನಿದ್ರೆ, ಜೂಜು, ನಾಟಕ ಎಲ್ಲ ಹಡಗಿನೊಳಗೆ. ದ್ವೀಪಕ್ಕೆ ದಕ್ಕುವುದು ಬಂದರಿನ ಸುಂಕ, ಮತ್ತೆ ನೀವು ನೆಲದ ಮೇಲೆ ಕಳೆಯುವ ಆ ಏಳು ಗಂಟೆಯಲ್ಲಿ ಬಿಚ್ಚಿದ ಗಂಟು. ಅದನ್ನೂ ಹಡಗಿನಲ್ಲಿಯೇ ಮುಂಗಡವಾಗಿ ಕಟ್ಟಿ 'ಏರ್ಪಾಡಿನ ಪ್ರವಾಸ' ಕೊಂಡರೆ ಅದರಲ್ಲಿ ಒಂದು ದೊಡ್ಡ ಪಾಲು ಹಡಗಿನವರಲ್ಲೇ ನಿಲ್ಲುತ್ತದೆ. ಇನ್ನು ಅಂಗಡಿಗಳ ಮಾತು. ಹಿಂದಿನ ರಾತ್ರಿ ಹಡಗಿನಲ್ಲಿ ಒಬ್ಬ ಸುಂದರಿ 'ನಂಬಿಕೆಯ ಅಂಗಡಿಗಳ' ನಕ್ಷೆ ಹಂಚುತ್ತಾಳೆ. ಆ ನಕ್ಷೆಯಲ್ಲಿ ಹೆಸರು ಬರಲು ಅಂಗಡಿಯವರು ಹಣ ಕೊಟ್ಟಿರುತ್ತಾರೆಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನನ್ನು ನಿಲ್ಲಿಸಿದ್ದ ಅಂಗಡಿಯಲ್ಲಿ ಟಾಂಜನೈಟ್ ಎಂಬ ನೀಲಿ ಕಲ್ಲನ್ನು ಕೆರಿಬಿಯನ್ ಸೀಮೆಯ ಸಂಪತ್ತು ಎಂಬಂತೆ ತೋರಿಸಿದರು. ಅದು ೧೯೬೭ರಲ್ಲಿ ಬೆಳಕಿಗೆ ಬಂದದ್ದು, ಇಂದಿಗೂ ಅಗೆಯುವುದು, ಆಫ್ರಿಕದ ಟಾಂಜಾನಿಯಾ ದೇಶದಲ್ಲಿ, ಕಿಲಿಮಂಜಾರೋ ಪರ್ವತದ ಆಸುಪಾಸಿನಲ್ಲಿ. ಹೆಸರಿನಲ್ಲೇ ಊರಿದೆ, ಕೊಳ್ಳುವವರು ಕೇಳಿಸಿಕೊಳ್ಳುವುದಿಲ್ಲ ಅಷ್ಟೆ.

ಆದರೆ ನನ್ನ ಮುಖ್ಯ ಜಗಳ ದುಡ್ಡಿನದಲ್ಲ. ಆ ಪಟ್ಟಿ ಸುಳ್ಳು ಹೇಳುತ್ತದೆ, ಜಗಳ ಅದರದು.

ಪಟ್ಟಿಯಲ್ಲಿ 'ಬೆಟೀಸ್ ಹೋಪ್ — ಸುಂದರ ಗಾಳಿಗಿರಣಿ — ೧೫ ನಿ.' ಎಂದಿದೆ. ಮಂಡ್ಯದ ಕಡೆಯ ಆಲೆಮನೆ ಕಂಡವರಿಗೆ ಕಬ್ಬು ಅರೆಯುವ ಗಿರಣಿಯೆಂದರೆ ಬೆಲ್ಲದ ಬಿಸಿ ವಾಸನೆ ನೆನಪಾಗುತ್ತದೆ. ಇಲ್ಲಿ ಅರೆದದ್ದು ಕಬ್ಬೊಂದನ್ನೇ ಅಲ್ಲ. ೧೬೭೪ರಿಂದ ೧೯೪೪ರವರೆಗೆ ಕಾಡ್ರಿಂಗ್ಟನ್ ಎಂಬ ಒಂದೇ ಮನೆತನದ ವಶದಲ್ಲಿದ್ದ ಈ ತೋಟದಲ್ಲಿ, ಆಫ್ರಿಕದಿಂದ ಹಿಡಿದು ತಂದ ಜನ ತಲೆಮಾರುಗಟ್ಟಲೆ ಗುಲಾಮರಾಗಿ ದುಡಿದು ಸತ್ತರು. ದ್ವೀಪವೆಲ್ಲ ಹೀಗೆಯೇ ಕಬ್ಬಿನ ತೋಟವಾಗಿತ್ತು. ೧೭೩೬ರಲ್ಲಿ ಆ ಜನ ಒಂದು ಸಂಚು ಹೂಡಿದರು: ರಾಜನ ಪಟ್ಟಾಭಿಷೇಕದ ವಾರ್ಷಿಕೋತ್ಸವಕ್ಕೆ ಗವರ್ನರು ನಡೆಸುವ ನೃತ್ಯಕೂಟಕ್ಕೆ ಸಿಡಿಮದ್ದಿಟ್ಟು ಬಿಳಿಯ ದೊರೆಗಳನ್ನೆಲ್ಲ ಒಟ್ಟಿಗೆ ಮುಗಿಸಿ ದ್ವೀಪವನ್ನು ತಮ್ಮದಾಗಿಸಿಕೊಳ್ಳುವುದು. ಕೂಟದ ದಿನ ಮುಂದಕ್ಕೆ ಹೋಯಿತು, ಸಂಚು ಬಯಲಾಯಿತು. ೮೮ ಜನರನ್ನು ಕೊಂದರು. ನಾಯಕನಾದ ಕೋರ್ಟ್ ಎಂಬುವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಹೆಚ್ಚಿನವರನ್ನು ಜೀವಂತ ಸುಟ್ಟರು. ಇಂದು ಅವನನ್ನು ಪ್ರಿನ್ಸ್ ಕ್ಲಾಸ್ ಎಂದು ಕರೆದು ಗೌರವಿಸುತ್ತಾರೆ. ರಾಜಧಾನಿಯಲ್ಲಿ ಅವನ ಸ್ಮಾರಕವಾಗಿ ಶಂಖ ಊದುತ್ತಿರುವ ಒಂದು ವಿಗ್ರಹವಿದೆ. ಶಂಖದ ಧ್ವನಿಗೆ ಮನೆಯಲ್ಲಿ ನಿತ್ಯ ಕೈಮುಗಿಯುವ ನಮ್ಮವರಲ್ಲಿ ಎಷ್ಟು ಜನ ಆ ವಿಗ್ರಹದ ಮುಂದೆ ಒಂದು ಗಳಿಗೆ ನಿಂತಿದ್ದಾರೆ? ನಾನಂತೂ ನಿಲ್ಲಲಿಲ್ಲ.

ಕೊನೆಗೆ ೧೮೩೪ರ ಆಗಸ್ಟ್ ೧ರಂದು ಬಿಡುಗಡೆಯಾಯಿತು. ಬ್ರಿಟಿಷರ ಬಹುಪಾಲು ದ್ವೀಪಗಳಲ್ಲಿ ಇನ್ನೂ ನಾಲ್ಕು ವರ್ಷ 'ತರಬೇತಿ'ಯ ಹೆಸರಿನಲ್ಲಿ ಅದೇ ನೊಗ ಮುಂದುವರಿಯಿತು. ಆಂಟೀಗದವರು ಆ ಮೋಸವಿಲ್ಲದೆ ಒಮ್ಮೆಗೇ ಬಿಡುಗಡೆ ಹೊಂದಿದರು. ಸ್ವಂತ ರಾಷ್ಟ್ರವಾದದ್ದು ೧೯೮೧ರಲ್ಲಿ. ಸಕ್ಕರೆಯ ಕೈಗಾರಿಕೆ ಅದಕ್ಕೂ ಮೊದಲೇ ಮುಚ್ಚಿಹೋಗಿತ್ತು. ಆ ಸ್ಥಾನಕ್ಕೆ ಬಂದವರು ಯಾರು? ನಾವು, ಹಡಗಿನಿಂದ ಇಳಿಯುವವರು. ಹೇಳಿಕೊಳ್ಳುವಂಥ ಒಂದು ನದಿಯಿಲ್ಲದೆ, ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದೂ ಸಮುದ್ರದ ನೀರನ್ನು ಸಿಹಿ ಮಾಡಿಕೊಂಡೂ ಬದುಕುವ ನಾಡಿನ ನೆಲದ ಮೇಲೆ ನಿಂತು "ಎಂಥ ಶುಭ್ರ ಆಕಾಶ, ಒಂದು ಹನಿ ಮಳೆಯಿಲ್ಲ!" ಎಂದು ಸಂತೋಷಪಡುವವರು ನಾವು. ಬರಗಾಲದ ಆಕಾಶವನ್ನು ಹೊಗಳಲು ಕೋಲಾರದವನಾದ ನನಗೂ ಆ ದಿನ ನಾಲಿಗೆ ಬಂತಲ್ಲ!

ಈ ಮಾತನ್ನು ನನಗಿಂತ ನೂರು ಪಾಲು ಖಾರವಾಗಿ ಆ ಊರಿನ ಮಗಳೇ ಹೇಳಿದ್ದಾಳೆ. ಸೇಂಟ್ ಜಾನ್ಸ್‌ನಲ್ಲಿ ೧೯೪೯ರಲ್ಲಿ ಹುಟ್ಟಿದ ಜಮೈಕಾ ಕಿಂಕೇಡ್ ೧೯೮೮ರಲ್ಲಿ 'ಎ ಸ್ಮಾಲ್ ಪ್ಲೇಸ್' ಎಂಬ ಸಣ್ಣ ಪುಸ್ತಕ ಬರೆದಳು. ಬಂದಿಳಿದ ಪ್ರವಾಸಿಯನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತನಾಡುವ ಪುಸ್ತಕ. ೧೯೭೪ರ ಭೂಕಂಪದಲ್ಲಿ ಕೆಟ್ಟ ಊರಿನ ಗ್ರಂಥಾಲಯವನ್ನು ವರ್ಷಗಟ್ಟಲೆ ಯಾರೂ ದುರಸ್ತಿ ಮಾಡದೆ ಬಿಟ್ಟದ್ದಕ್ಕೆ ಅವಳು ಪಡುವ ಸಂಕಟವನ್ನು ಓದಿದರೆ, ನಮ್ಮ ಊರೂರಿನ ಸೋರುವ ಗ್ರಂಥಾಲಯಗಳ ನೆನಪಾಗಿ ಎದೆ ಹಿಂಡುತ್ತದೆ. ತನ್ನ ಸರಕಾರವನ್ನೂ ಅವಳು ಬಿಟ್ಟಿಲ್ಲ, ನಮ್ಮನ್ನೂ ಬಿಟ್ಟಿಲ್ಲ. ನೂರು ಪುಟವೂ ಇಲ್ಲದ ಪುಸ್ತಕ. ಹಡಗಿನಲ್ಲಿ ಒಂದು ಮಧ್ಯಾಹ್ನ ಸಾಕು. ಅಂಗಡಿಗಳ ನಕ್ಷೆಯ ಬದಲು ಇದನ್ನು ಹಂಚಿದ್ದರೆ ಚೆನ್ನಾಗಿತ್ತು. ಹಂಚಿಯಾರೆ?

ಹಾಗಾದರೆ ನೆಲ್ಸನ್ನನ ಕಟ್ಟೆಯನ್ನು ನೋಡಲೇಬಾರದೆ? ಹಾಗೆ ನಾನು ಹೇಳಲಾರೆ. ೨೦೧೬ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳ. ಕಲ್ಲಿನ ಕೆಲಸ ನೋಡುವಂಥದು. ನೆಲ್ಸನ್ ಅಲ್ಲಿದ್ದದ್ದು ೧೭೮೪ರಿಂದ ೧೭೮೭ರವರೆಗೆ, ಮೂರೇ ವರ್ಷ, ಅದೂ ಮುಖ ಸಿಂಡರಿಸಿಕೊಂಡು. ಕಟ್ಟೆ ಕಟ್ಟಿದ್ದು ಗುಲಾಮರ ಕೈಗಳು. ಹೆಸರು ಮಾತ್ರ ಅವನದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅದೊಂದನ್ನೇ ನೋಡುತ್ತೇನೆ, ಅರ್ಧ ದಿನ ಅಲ್ಲೇ ಇರುತ್ತೇನೆ ಎನ್ನುವವರಿದ್ದರೆ ಅವರೊಡನೆ ನನಗೆ ತಕರಾರಿಲ್ಲ. ಊರಿನ ಮಾರುಕಟ್ಟೆಯ ಹತ್ತಿರದ ನಿಲ್ದಾಣದಿಂದ ಅಲ್ಲಿಗೆ ಜನರ ಬಸ್ಸೇ ಹೋಗುತ್ತದೆ. ಶಾಲೆಯ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು ಪಕ್ಕದಲ್ಲಿ ಕೂರುತ್ತಾರೆ. ನನ್ನ ತಕರಾರು ಹನ್ನೊಂದು ಎಂಬ ಸಂಖ್ಯೆಯ ಮೇಲೆ.

ಷಡ್ಡಕರ ಪೂರ್ವಪಕ್ಷ ಬಲವಾದದ್ದೇ. "ಸ್ವಂತವಾಗಿ ಹೋಗಿ ತಡವಾದರೆ ಹಡಗು ಹೊರಟುಹೋಗುತ್ತದೆ. ಅವರ ಬಸ್ಸಿನಲ್ಲಿದ್ದರೆ ಕಾಯುತ್ತಾರೆ." ನಿಜ, ಕಾಯುತ್ತಾರೆ, ಆ ಭಯವನ್ನೇ ಮಾರುತ್ತಾರೆ. ಆದರೆ ದ್ವೀಪದ ಮೂಲೆ ಮೂಲೆಗೆ ಓಡಿದವನಿಗಲ್ಲವೆ ತಡವಾಗುವುದು? ಹಡಗಿನ ಚಿಮಣಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಡೆದಾಡುವವನಿಗೆ ಯಾವ ಭಯ? ಗಡಿಯಾರದ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಬೇಕು: ಕೆಲವು ಹಡಗುಗಳು ತಾವು ಹೊರಟ ಬಂದರಿನ ವೇಳೆಯನ್ನೇ ಇಟ್ಟುಕೊಂಡಿರುತ್ತವೆ, ದ್ವೀಪದ ವೇಳೆ ಬೇರೆ ಇರುತ್ತದೆ. ಇಳಿಯುವ ಮುನ್ನ ಕೇಳಿಕೊಂಡರಾಯಿತು.

"ಅರವತ್ತೆರಡರಲ್ಲಿ ಬಿಸಿಲಲ್ಲಿ ನಡೆಯುವುದೆ?" ಎಂಬುದು ಎರಡನೆಯ ಆಕ್ಷೇಪ. ದಿನವೂ ಲಾಲ್‌ಬಾಗಿನಲ್ಲಿ ಮೂರು ಸುತ್ತು ಹಾಕುವವರ ಬಾಯಲ್ಲಿ ಈ ಮಾತು! ಉತ್ತರಿಸುವುದಿಲ್ಲ.

"ಊಟ?" ಎಂದು ಕೇಳಿದವರು ಅವರ ಮನೆಯವರು. ಇದಕ್ಕೆ ಮಾತ್ರ ಉತ್ಸಾಹದಿಂದ ಉತ್ತರ ಹೇಳಿದೆ. ಆ ದ್ವೀಪದ ಮನೆಯೂಟದ ಹೆಸರು ಫಂಜಿ. ಜೋಳದ, ಅಂದರೆ ಮುಸುಕಿನ ಜೋಳದ, ಹಿಟ್ಟನ್ನು ಬೆಂಡೆಕಾಯಿಯ ಜೊತೆ ಕುದಿಯುವ ನೀರಿಗೆ ಹಾಕಿ, ಗಂಟಾಗದಂತೆ ಮರದ ಕೋಲಿನಿಂದ ತಿರುವಿ ತಿರುವಿ, ಬಟ್ಟಲಲ್ಲಿ ಆಡಿಸಿ ಉಂಡೆ ಮಾಡುತ್ತಾರೆ. ರಾಗಿಯ ಬದಲು ಜೋಳ ಎಂಬುದನ್ನು ಬಿಟ್ಟರೆ ಅದು ಮುದ್ದೆಯಲ್ಲದೆ ಮತ್ತೇನು? ಅದರ ಜೊತೆಗೆ ಕೊಡುವ ಪೆಪ್ಪರ್‌ಪಾಟ್ ಸೊಪ್ಪಿನ ಸಾರೇ, ಆದರೆ ಉಪ್ಪು ಮಾಂಸ ಬಿದ್ದಿರುತ್ತದೆ. ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಡುಕಾನ ಎಂಬುದು ಸಿಹಿಗೆಣಸು, ತೆಂಗಿನ ತುರಿ, ಸಕ್ಕರೆ ಕಲಸಿ ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ತಿಂಡಿ. ನಮ್ಮ ಕರಾವಳಿಯವರಿಗೆ ಕೊಟ್ಟರೆ ಕಡುಬು ಎಂದೇ ತಿಂದಾರು. ಕಪ್ಪು ಅನಾನಸು ಎಂಬ ಹೆಸರಿನ, ಸಣ್ಣ ಗಾತ್ರದ ಬಹಳ ಸಿಹಿಯಾದ ಹಣ್ಣು ಅಲ್ಲಿಯ ಹೆಮ್ಮೆ. ಇಷ್ಟನ್ನು ಬಿಟ್ಟು ಹಡಗಿನ ಊಟದ ಹೊತ್ತಿಗೆ ಸರಿಯಾಗಿ ಓಡಿಬಂದು ಪಿಜ್ಜಾ ತಿಂದ ನನ್ನಂಥವನನ್ನು ಏನೆನ್ನಬೇಕು?

ಕೊನೆಗೆ ಅದೇ ಹಾಳೆಯ ಹಿಂಬದಿಯಲ್ಲಿ ನನ್ನ ಯೋಜನೆ ಬರೆದುಕೊಟ್ಟೆ. ಧಕ್ಕೆಯ ಅಂಗಡಿಸಾಲನ್ನು ನಿಲ್ಲದೆ ದಾಟುವುದು. ಎಡಬಲದ ಜನಕ್ಕೆ ಮೊದಲು "ಗುಡ್ ಮಾರ್ನಿಂಗ್" ಹೇಳಿ ಆಮೇಲೆ ದಾರಿ ಕೇಳುವುದು. ಹಾಗೆ ಹೇಳದೆ ಪ್ರಶ್ನೆ ಎಸೆಯುವುದನ್ನು ಅಲ್ಲಿ ಒರಟುತನವೆಂದು ತಿಳಿಯುತ್ತಾರೆ. ಸೈನಿಕರ ಹಸಿರು ಮಚ್ಚೆಯ ಬಟ್ಟೆ ಹಾಕಬಾರದು, ಕಾನೂನು ಒಪ್ಪುವುದಿಲ್ಲ. ಮೊಮ್ಮಗನ ಟೋಪಿಯೊಂದು ಅಂಥದಿತ್ತಂತೆ, ತೆಗೆದಿಟ್ಟರು. ರೆಡ್‌ಕ್ಲಿಫ್ ಕೀ ಎಂಬ ಹಳೆಯ ಮಳಿಗೆಗಳ ಅಂಗಳ: ಇಂದು ಕಾಫಿ ಮಾರುವ ಅಲ್ಲಿ ಒಂದು ಕಾಲಕ್ಕೆ ಮನುಷ್ಯರನ್ನು ಕೂಡಿಹಾಕಿ ಮಾರುತ್ತಿದ್ದರೆಂದು ಹೇಳುತ್ತಾರೆ. ಲಾಂಗ್ ಸ್ಟ್ರೀಟಿನಲ್ಲಿ ೧೭೫೦ರ ನ್ಯಾಯಾಲಯದ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ, ತೆರೆದಿದ್ದರೆ ಒಂದು ಗಂಟೆ. ರಿಚರ್ಡ್ಸರ ಬ್ಯಾಟು ಅಲ್ಲಿದೆ. ೧೮೪೩ರ ಭೂಕಂಪದಲ್ಲಿ ಬಿದ್ದ ಮೇಲೆ ಮತ್ತೆ ಕಟ್ಟಿದ, ಮುಂದಿನ ಕಂಪನಕ್ಕೆ ಹೆದರಿ ಒಳಗೆಲ್ಲ ಮರ ಹೊದಿಸಿದ, ಅವಳಿ ಗೋಪುರದ ಇಗರ್ಜಿ. ಅಲ್ಲಿಂದ ಪೂರ್ವಕ್ಕೆ ನಡೆದು ಆ ಮೈದಾನ, ಪಕ್ಕದಲ್ಲೇ ಸೆರೆಮನೆ. ಹಿಂತಿರುಗಿ ಮಾರುಕಟ್ಟೆ, ಫಂಜಿ. ಇನ್ನೂ ಹೊತ್ತಿದ್ದರೆ ಬಾಡಿಗೆ ಕಾರಿನಲ್ಲಿ ಹತ್ತು ನಿಮಿಷದ ಫೋರ್ಟ್ ಜೇಮ್ಸ್ ಕಡಲತೀರ. ಆ ದೇಶದಲ್ಲಿ ಎಲ್ಲ ಕಡಲತೀರವೂ ಸಾರ್ವಜನಿಕ. ನೀವು ದುಡ್ಡು ಕೊಡುವುದು ಕುರ್ಚಿಗೆ, ಸಮುದ್ರಕ್ಕಲ್ಲ. ಒಂದು ಅಮೆರಿಕನ್ ಡಾಲರಿಗೆ ಅಲ್ಲಿಯ ೨.೭೦ ಡಾಲರು, ೧೯೭೬ರಿಂದ ಬದಲಾಗಿಲ್ಲ ಎಂದು ಬರೆದಾಗ ಮಾತ್ರ ಬ್ಯಾಂಕಿನ ಮುಖ ಅರಳಿತು.

ಮೂರು ದಿನ ಕಳೆದು ಫೋನು ಬಂತು. ಆಭರಣದಂಗಡಿ ಉಳಿದುಕೊಂಡಿದೆಯಂತೆ, ಮನೆಯವರ ಒತ್ತಾಯಕ್ಕೆ. ಆದರೆ ಹದಿನೈದೇ ನಿಮಿಷ. ತೊರಕೆ ಮೀನು ಹೋಯಿತು, ಗುಡ್ಡ ಹೋಯಿತು, ಕಲ್ಲಿನ ಕಮಾನು ಹೋಯಿತು. ಊರು ಮೊದಲನೆಯ ಬಾಬಾಗಿದೆ.

"ಒಂದು ಅನುಮಾನ ಮೇಷ್ಟ್ರೇ. ಈಗ ದೊಡ್ಡ ಪಂದ್ಯಗಳೆಲ್ಲ ಬೇರೆ ಹೊಸ ಕ್ರೀಡಾಂಗಣದಲ್ಲಿ ನಡೆಯುತ್ತವಂತಲ್ಲ. ನಾವು ಹೋದಾಗ ಆ ಹಳೆಯ ಮೈದಾನದ ಗೇಟಿಗೆ ಬೀಗ ಹಾಕಿದ್ದರೆ?"

"ಬೇಲಿಯ ಸಂದಿಯಿಂದ ನೋಡಿ," ಎಂದೆ. "ಕುಂಬ್ಳೆ ಯಾವ ತುದಿಯಿಂದ ಎಸೆದದ್ದೆಂದು ಅಲ್ಲಿ ಓಡಾಡುವ ಯಾರನ್ನಾದರೂ ಕೇಳಿ. ಮೊದಲು ಗುಡ್ ಮಾರ್ನಿಂಗ್ ಹೇಳಿ."